ತೊಂಬತ್ತಾರು ಸಭೆಗಳ ಗುರುಸಿದ್ದಮ್ಮ

ಕೊಣನೂರಿನ ಹೊಳೆಸಾಲು ಸೌದೆ ಸರಬರಾಜು ಮಂಡಳಿಯ ಸಭೆ ಪ್ರತಿ ತಿಂಗಳ ಎರಡನೇ ಸೋಮವಾರ ಹನ್ನೊಂದು ಗಂಟೆಗೆ ಸರಿಯಾಗಿ ಸೈಕಲ್ಲಿನ ಮೇಲೆ ನಡೆಯುತ್ತಿತ್ತು.

ಸೈಕಲ್ಲು ಜವಾನ ಚಂದ್ರಯ್ಯನದು. ನಡವಳಿ ಪುಸ್ತಕವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಅವನು ಮೊದಲು ಅಧ್ಯಕ್ಷ ಚನ್ನಪ್ಪನವರ ಮನೆಗೆ ಹೋಗುತ್ತಿದ್ದ. ಅಲ್ಲಿಂದ ಎಂಟು ಜನ ನಿರ್ದೇಶಕರ ಮನೆ. ಒಬ್ಬರು ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಸಹಿ ಹಾಕುತ್ತಿದ್ದರು, ಇನ್ನೊಬ್ಬರು ಎಮ್ಮೆಯ ಬೆನ್ನ ಮೇಲೆ ಪುಸ್ತಕ ಇಟ್ಟುಕೊಂಡು. ಏನು ಬರೆದಿದೆ ಎಂದು ಓದಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಸಭಾಂಗಣ ಅಂತ ಒಂದಿತ್ತು. ಅದರ ಬೀಗದ ಕೈ ಕಳೆದು ಒಂಬತ್ತು ವರ್ಷವಾಗಿತ್ತು. ಯಾರಿಗೂ ಬೇಕಾಗದ್ದರಿಂದ ಯಾರೂ ಹುಡುಕಿರಲಿಲ್ಲ. ತಂಬಾಕಿನ ಎಲೆ ಬೇಯಿಸುವ ಬ್ಯಾರನ್ ಮನೆಗಳಿಗೆ ಸರ್ಕಾರದ ಸೌದೆ ಹಂಚಲು ಹುಟ್ಟಿದ ಮಂಡಳಿ ಅದು. ಸೌದೆ ನಿರ್ದೇಶಕರ ಬ್ಯಾರನ್‌ಗಳಿಗೆ ಹೋಗುತ್ತಿತ್ತು. ಮಿಕ್ಕವರಿಗೆ ಹೊಗೆ ಕಾಣಿಸುತ್ತಿತ್ತು.

ಈ ನಡೆಯದ ಸಭೆಗಳ ನಡವಳಿ ಬರೆಯುವವನು ಕಾರ್ಯದರ್ಶಿ ಈಶ್ವರಯ್ಯ. ಅಧ್ಯಕ್ಷರ ಎದುರಿಗೆ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿ ಬರುವಂಥ ಮನುಷ್ಯ. ಪೆನ್ನು ಹಿಡಿದರೆ ಮಾತ್ರ ಬೇರೆಯೇ ಆಸಾಮಿ. ಸ್ವಾಗತ, ಚರ್ಚೆ, ವಾಗ್ವಾದ, ನಡುವೆ ಲಘು ಉಪಾಹಾರ, ಕೊನೆಗೆ ವಂದನಾರ್ಪಣೆ, ಎಲ್ಲವೂ ಅವನ ಮೇಜಿನ ಮೇಲೆ ಒಂದೇ ಪಟ್ಟಿನಲ್ಲಿ ಮುಗಿಯುತ್ತಿತ್ತು. ಉಪಾಹಾರದ ತಿಂಡಿಯನ್ನೂ ಅವನು ಪ್ರತಿ ತಿಂಗಳು ಬದಲಾಯಿಸುತ್ತಿದ್ದ.

ಅನಾಹುತ ಶುರುವಾದದ್ದು ೧೯೯೨ರ ಕೊನೆಯಲ್ಲಿ. ಮಂಡಳಿಯಲ್ಲಿ ಮಹಿಳಾ ನಿರ್ದೇಶಕರು ಎಷ್ಟು ಎಂದು ಹಾಸನದ ಮೇಲಿನ ಕಚೇರಿಯಿಂದ ನಮೂನೆ ಬಂತು. ಈಶ್ವರಯ್ಯ ಪ್ರಾಮಾಣಿಕವಾಗಿ ಸೊನ್ನೆ ಬರೆದು ಕಳಿಸಿದ. ‘ಕಾರಣವೇನು?’ ಎಂದು ವಾಪಸು ಬಂತು. ಅಧ್ಯಕ್ಷರನ್ನು ಕೇಳಿದ. ಚನ್ನಪ್ಪನವರು ಹಲ್ಲುಕಡ್ಡಿ ತೆಗೆಯದೆ, “ಸೌದೆ ವಿಚಾರ್ದಾಗೆ ಹೆಂಗಸ್ರಿಗೇನ್ಲಾ ಕೆಲ್ಸ? ಆಮ್ಯಾಕೆ ನೋಡಾಣ ಓಗು” ಅಂದರು. ಇದನ್ನು ಕಾರಣದ ಕಾಲಮ್ಮಿನಲ್ಲಿ ಬರೆಯುವುದು ಹೇಗೆ? ನಮೂನೆ ಮೂರನೇ ಸಲ ವಾಪಸು ಬಂದಾಗ ಈಶ್ವರಯ್ಯ ರೋಸಿಹೋಗಿ ಸೊನ್ನೆ ಹೊಡೆದು ಒಂದು ಎಂದು ಬರೆದ.

‘ಹೆಸರೇನು?’ ಎಂದು ಬಂತು.

ಈಶ್ವರಯ್ಯ ಮೂರನೇ ಕ್ಲಾಸಿನಲ್ಲಿದ್ದಾಗ ಗುರುಸಿದ್ದಮ್ಮ ಅಂತ ಒಬ್ಬ ಹುಡುಗಿ ಅವನ ತಲೆಯ ಮೇಲೆ ಸ್ಲೇಟು ಒಡೆದಿದ್ದಳು. ಅವನು ಕಂಡ ಧೈರ್ಯವಂತೆ ಅಂದರೆ ಅವಳೇ. ಅದನ್ನೇ ಬರೆದ. ವಿಳಾಸದ ಕಾಲಮ್ಮಿಗೆ ತನ್ನ ಮನೆಯ ವಿಳಾಸವನ್ನೇ ಕೊಟ್ಟ. ಎರಡು ವಾರದಲ್ಲಿ ಮಂಜೂರಾತಿ ಬಂತು. ಸರ್ಕಾರ ಅಷ್ಟು ಬೇಗ ಮಾಡಿದ ಕೆಲಸ ಆ ಮಂಡಳಿಯ ಚರಿತ್ರೆಯಲ್ಲೇ ಮತ್ತೊಂದಿಲ್ಲ.

ಅಂದಿನಿಂದ ಪ್ರತಿ ತಿಂಗಳೂ ಹತ್ತನೆಯ ಸಹಿಯ ಜಾಗದಲ್ಲಿ ಈಶ್ವರಯ್ಯನ ಎಡಗೈ ಹೆಬ್ಬೆಟ್ಟು ಬೀಳತೊಡಗಿತು. ಬರೀ ಹೆಬ್ಬೆಟ್ಟೊತ್ತಿ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೆಣ್ಣುಮಗಳು ಸಭೆಗೆ ಬಂದು ಬಾಯಿ ಬಿಡದೆ ಕೂರುವುದು ಚೆನ್ನಾಗಿರುವುದಿಲ್ಲವಲ್ಲ. ಒಂದೊಂದೇ ಮಾತು ಆಡಿಸಿದ. ‘ಸೌದೆಯನ್ನು ಕಣ್ಣಳತೆಯಲ್ಲಿ ಕೊಡುವುದು ಬಿಟ್ಟು ತೂಕದ ಕಾಟಾ ಹಾಕಿಸತಕ್ಕದ್ದೆಂದು ಶ್ರೀಮತಿ ಗುರುಸಿದ್ದಮ್ಮನವರು ಒತ್ತಾಯಿಸಿದರು.’ ‘ಸಣ್ಣ ಹಿಡುವಳಿಯವರಿಗೆ ಮೊದಲು ಸೌದೆ ಕೊಡದಿದ್ದರೆ ಮಂಡಳಿ ಯಾತಕ್ಕೆಂದು ಗುರುಸಿದ್ದಮ್ಮನವರು ಮೇಜು ಗುದ್ದಿ ಕೇಳಿದರು.’ ‘ಎಲೆ ಕಟ್ಟುವ ಹೆಂಗಸರಿಗೆ ನೆರಳಿಗೊಂದು ಚಾವಣಿ ಬೇಕೆಂದರು.’ ೧೯೯೭ರ ಆಗಸ್ಟಿನಲ್ಲಂತೂ ‘ಅಧ್ಯಕ್ಷರು ಮೊದಲು ನಿದ್ದೆಯಿಂದ ಏಳತಕ್ಕದ್ದು’ ಎಂದೇ ಹೇಳಿಬಿಟ್ಟಳು. ಇಪ್ಪತ್ತು ವರ್ಷದಿಂದ ಈಶ್ವರಯ್ಯನ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಆ ಹೆಂಗಸಿನ ಬಾಯಲ್ಲಿ ಬಂತು. ಚನ್ನಪ್ಪನವರು ಅದರ ಕೆಳಗೇ ದಪ್ಪನೆ ಸಹಿ ಹಾಕಿದರು.

“ತಿಂಗ್ಳಿಗೊಂದ್ಸಲ ನಿಮ್ ಎಬ್ಬೆಟ್ಟು ಯಾಕ್ರೀ ನೀಲಿ?” ಎಂದು ಹೆಂಡತಿ ನಂಜಮ್ಮ ಆಗಾಗ ಕೇಳುವುದು. “ಆಫೀಸು ಅಂದ್ಮ್ಯಾಲೆ ಶಾಯಿ ಇರಾಕಿಲ್ವಾ?” ಎಂದು ಈಶ್ವರಯ್ಯ ಮಜ್ಜಿಗೆಯಲ್ಲಿ ಬೆರಳು ಮುಳುಗಿಸುವುದು. ಎಂಟು ವರ್ಷ ಹೀಗೆ ಕಳೆದವು. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು.

೨೦೦೧ರ ಫೆಬ್ರವರಿಯಲ್ಲಿ ಅಂಚೆಯವನು ಒಂದು ಉದ್ದನೆಯ ಲಕೋಟೆಯನ್ನು ಮನೆ ಬಾಗಿಲಿಗೆ ತಂದುಕೊಟ್ಟ. ಸಂಜೆ ಈಶ್ವರಯ್ಯ ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ನಂಜಮ್ಮ ಅದನ್ನು ಬೀದಿಗೆಲ್ಲ ಕೇಳುವಂತೆ ಓದಿದಳು.

“ಶ್ರೀಮತಿ ಗುರುಸಿದ್ದಮ್ಮ, ಈಶ್ವರಯ್ಯನವರ ಮನೆ, ಕೊಣನೂರು! ಯಾರ್ರೀ ಇವ್ಳು? ಎಲ್ ಮಡಿಗಿದೀರಿ ಇವಳ್ನ? ಅಟ್ಟದ ಮ್ಯಾಲಾ?”

ಎದುರು ಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯಲ್ಲಿ ಒನಕೆ ನಿಂತಿತು.

“ಮೆಲ್ಲುಗ್ ಮಾತಾಡೇ. ಅವ್ಳು ಇಲ್ಲ ಕಣೇ.”

“ಇಲ್ದಿರೋಳಿಗೆ ಸರ್ಕಾರ ಕಾಗ್ದ ಬರೀತದಾ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ಕಾರ ಬರೆದಿತ್ತು. ಎಂಟು ವರ್ಷದಲ್ಲಿ ತೊಂಬತ್ತಾರಕ್ಕೆ ತೊಂಬತ್ತಾರು ಸಭೆಗೆ ಹಾಜರಾದ ಮಹಿಳಾ ನಿರ್ದೇಶಕಿ ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ. ಮಾರ್ಚ್ ಎಂಟರಂದು ಹಾಸನದಲ್ಲಿ ಸನ್ಮಾನ. ಅದಕ್ಕೆ ಮುಂಚೆ, ಬರುವ ಸೋಮವಾರ ಹನ್ನೊಂದಕ್ಕೆ, ಅಧಿಕಾರಿ ಕುಮಾರಿ ಆರತಿ ಅವರು ಕೊಣನೂರಿಗೆ ಬಂದು ಇವರನ್ನು ಸಭೆಯಲ್ಲೇ ಕಂಡು, ನಡವಳಿ ಪರಿಶೀಲಿಸಿ, ಸಹಿ ಪಡೆಯುತ್ತಾರೆ. ಓದಿ ಈಶ್ವರಯ್ಯ ಜಗಲಿಯ ಮೇಲೆ ಕೂತ. ಕೂತದ್ದು ಜಗಲಿಯೋ ಅದರ ಪಕ್ಕದ ನೀರಿನ ತೊಟ್ಟಿಯೋ ಎಂದು ನೋಡುವ ಸ್ಥಿತಿ ಅವನದಲ್ಲ. ತೊಟ್ಟಿಯೇ ಆಗಿತ್ತು.

ಸಿಕ್ಕಿಬಿದ್ದರೆ ಅಮಾನತು, ಮೂವತ್ತೆರಡು ವರ್ಷದ ಸೇವೆ, ಪೆನ್ಷನ್ನು, ಎಲ್ಲ ಹೊಳೆಪಾಲು. ಒದ್ದೆ ಪಂಚೆಯಲ್ಲೇ ಚನ್ನಪ್ಪನವರ ಮನೆಗೆ ಓಡಿದ. ದಾರಿಯಲ್ಲಿ ಅವನಿಗೆ ಒಂದು ಉಪಾಯವೂ ಹೊಳೆಯಿತು. ಗುರುಸಿದ್ದಮ್ಮನನ್ನು ಸಾಯಿಸಿಬಿಟ್ಟರೆ ಆಯಿತು. ಎರಡು ನಿಮಿಷ ಮೌನ, ಒಂದು ಸಂತಾಪ ನಿರ್ಣಯ, ಕಥೆ ಮುಗಿಯಿತು.

ಚನ್ನಪ್ಪನವರ ಹಜಾರದಲ್ಲಿ ನಾಲ್ಕು ಜನ ನಿರ್ದೇಶಕರು ಆಗಲೇ ಕೂತಿದ್ದರು. ಹಾಸನದ ಕಾಗದ ಅವರಿಗೂ ಬಂದಿತ್ತು.

“ಸಾ, ಈ ಗುರುಸಿದ್ದಮ್ಮನ ವಿಚಾರ...” ಎಂದು ಈಶ್ವರಯ್ಯ ಶುರುಮಾಡಿದ.

ಚನ್ನಪ್ಪನವರಿಗೆ ಆ ಹೆಸರಿನ ತಲೆಬುಡ ತಿಳಿಯದು. ಹಾಗಂತ ಹೇಳಿದರೆ ಎಂಟು ವರ್ಷ ಸಭೆಗೇ ಹೋಗಿಲ್ಲ ಎಂದು ಒಪ್ಪಿಕೊಂಡಂತೆ. ಅದೂ ನಾಲ್ಕು ಜನರ ಮುಂದೆ. ಅವರು ಮೀಸೆ ತೀಡಿದರು.

“ಗುರುಸಿದ್ದಮ್ಮನ್ನ ಗೊತ್ತಿಲ್ವಾ ನಂಗೆ? ಬೋ ಜೋರು ಹೆಂಗ್ಸು ಕಣಯ್ಯಾ.”

ನಾಲ್ವರು ನಿರ್ದೇಶಕರ ಮುಖ ನೋಡಬೇಕಿತ್ತು. ಅಧ್ಯಕ್ಷರೇ ಸಭೆಗೆ ಹೋಗುತ್ತಿದ್ದಾರೆ, ತಪ್ಪಿಸಿಕೊಂಡವರು ನಾವು ಮಾತ್ರ ಎಂದು ಒಬ್ಬೊಬ್ಬರಿಗೂ ಅನ್ನಿಸಿಹೋಯಿತು.

“ಜೋರಂದ್ರೆ ಜೋರು!” ಎಂದರು ಸೋಪಿನವರು. “ಓದ್ ತಿಂಗ್ಳು ನನ್ ಪಕ್ಕದ ಕುರ್ಚಿನಾಗೇ ಕುಂತಿತ್ತು ಆಯಮ್ಮ.”

“ಎಲಡಿಕೆ ಕೊಟ್ಟಿತ್ತು ನಂಗೆ” ಎಂದರು ಎಮ್ಮೆಯವರು. “ಒಳ್ಳೆ ಚಿಗುರೆಲೆ.”

ಈಶ್ವರಯ್ಯ ತನ್ನ ಉಪಾಯ ಹೊರತೆಗೆದ. “ಅದಲ್ಲ ಸಾ, ಆಯಮ್ಮ ತೀರ್ಕಂಡ್ರು ಅಂತ...”

“ಏನು ತೀರ್ಕಂಡ್ರಾ?” ಚನ್ನಪ್ಪನವರು ತೊಡೆ ತಟ್ಟಿದರು. “ಮೊನ್ನೆ ಸಂತೇಲಿ ಸಿಕ್ಕಿತ್ತಲ್ಲಯ್ಯಾ! ‘ಚೆಂದಾಗಿದ್ದೀಯಾ ಚನ್ನಪ್ಪಣ್ಣಾ’ ಅಂತ ಕೇಳ್ತು. ಯಾವನ್ಲಾ ನಿಂಗೆ ಹಿಂಗೆ ಸುಳ್ ಏಳಿದೋನು? ಸೋಮ್ವಾರ ಕರ್ಕಂಬಾ. ಹೂವಿನ ಹಾರ ನಾನೇ ತರಸ್ತೀನಿ.”

ಹೀಗೆ ಗುರುಸಿದ್ದಮ್ಮ ಸಾಯುವ ದಾರಿಯೂ ಮುಚ್ಚಿತು.

ಮನೆಯಲ್ಲಿ ನಂಜಮ್ಮ ತವರಿಗೆ ಹೋಗಲು ಚೀಲ ತುಂಬಿಕೊಂಡಿದ್ದಳು. ಈಶ್ವರಯ್ಯ ನಡೆದದ್ದನ್ನೆಲ್ಲ ಹೇಳಿದ. ಅವಳು ನಂಬಲಿಲ್ಲ. “ಹೆಂಗೆ ನಂಬ್ಲಿ? ಒತ್ತಿ ಎಬ್ಬೆಟ್ಟು” ಎಂದು ಕ್ಯಾಲೆಂಡರಿನ ಹಿಂಬದಿ ಚಾಚಿದಳು. ಒತ್ತಿದ. ಅವನು ಆಫೀಸಿನಿಂದ ತಂದಿದ್ದ ನಡವಳಿ ಪುಸ್ತಕದ ಪಕ್ಕದಲ್ಲಿಟ್ಟು ದೀಪದ ಹತ್ತಿರ ಹಿಡಿದು ನೋಡಿದಳು. ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಗಾಯದ ಅಡ್ಡಗೆರೆ ತೊಂಬತ್ತಾರು ಹೆಬ್ಬೆಟ್ಟಿನಲ್ಲೂ ಇತ್ತು. ಆಮೇಲೆ ಪುಟ ತಿರುವಿ ಓದಿದಳು. ಓದುತ್ತ ಓದುತ್ತ ಚೀಲ ಕೆಳಗಿಟ್ಟಳು.

“ಕಾಟಾ ಹಾಕ್ಸಿ, ಚಾವಣಿ ಕಟ್ಸಿ, ಮೇಜು ಗುದ್ದೀ... ಇಷ್ಟೆಲ್ಲಾ ನೀವೇ ಬರ್ದಿದ್ದಾ? ನನ್ತಾವ ದಿನಕ್ಕೆ ನಾಕ್ ಮಾತು ಆಡಾಕಿಲ್ಲ!” ಅಂದು, ತಡೆಯಲಾಗದೆ ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು: “ಇಂಗೆ ಮಾತಾಡೋ ಹೆಂಗಸ್ರು ಇಲ್ದೆ ಏನಿಲ್ಲ. ರಾಮನಾಥಪುರ್ದಾಗೆ ಮಾಯಮ್ಮ ಅವ್ಳೆ. ನಾಳೆ ಕರ್ಕಬತ್ತೀನಿ.”

ಮಾಯಮ್ಮ ಬ್ಯಾರನ್‌ಗಳಲ್ಲಿ ಬೇಯಿಸುವ ಎಲೆಯನ್ನು ಕಡ್ಡಿಗೆ ಕಟ್ಟುವವಳು. ಹದಿನೈದು ಹೆಂಗಸರ ಗುಂಪಿಗೆ ಯಜಮಾನಿ. ತಂಬಾಕಿನ ಹಸಿ ಎಲೆಯ ಗೋಂದು ಹತ್ತಿ ಹತ್ತಿ ಕೈಗಳು ಮಡಕೆಯ ತಳದಂತೆ ಕಪ್ಪು. ಅವಳು ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಅವಳು ಯಾರಾಗಬೇಕೆಂದು ತಿಳಿಯಲಿ ಎಂದು ಈಶ್ವರಯ್ಯ ಎಂಟು ವರ್ಷದ ನಡವಳಿಯನ್ನು ಗಟ್ಟಿಯಾಗಿ ಓದಿದ. ಮಾಯಮ್ಮನ ಹುಬ್ಬು ಪುಟದಿಂದ ಪುಟಕ್ಕೆ ಗಂಟಾಗುತ್ತ ಹೋಯಿತು.

“ಕಾಟಾ ಕೇಳ್ದಳಾ? ಕೊಟ್ರಾ?”

“‘ಪರಿಶೀಲಿಸಲಾಗುವುದು’ ಅಂತ ಐತೆ.”

“ಚಾವಣಿ?”

“ಅದೂ ಪರಿಶೀಲಿಸಲಾಗುವುದು.”

“ಎಂಟು ವರ್ಸದಿಂದ ಪರಿಸೀಲ್ನೇನಾ? ಓದ್ ಸೀಜನ್ನಾಗೆ ನಮ್ ಹುಡ್ಗಿ ಒಬ್ಳು ಬಿಸ್ಲಿಗೆ ತಲೆ ತಿರುಗಿ ಎಲೆ ರಾಶಿ ಮ್ಯಾಲೆ ಬಿದ್ಲು ಕಣಪ್ಪ. ನೀನು ಇಲ್ಲಿ ಕುಂತ್ಕಂಡು ಚಾವಣಿ ಬರೀತಿದ್ಯಾ?”

ಈಶ್ವರಯ್ಯ ಪುಸ್ತಕ ಮುಚ್ಚಿದ. ಮಂಡಳಿಯ ಒಂಬತ್ತು ಗಂಡಸರು ಸೇರಿ ಕೇಳದ ಪ್ರಶ್ನೆ ಅದು.

“ಬತ್ತೀನಿ” ಅಂದಳು ಮಾಯಮ್ಮ. “ಆದ್ರೆ ಒಂದು ದಿನದ ಬಾಡಿಗೆಗೆ ಬರಾಕಿಲ್ಲ. ಕುಂತ್ರೆ ಆ ಕುರ್ಚಿ ನಂದೇಯ.”

“ಆಗ್ಲಿ ತಾಯಿ. ಸೋಮ್ವಾರ ಒಂದು ದಾಟಿಸ್ಬುಡು. ಏನೂ ಮಾತಾಡ್ಬ್ಯಾಡ. ಎಬ್ಬೆಟ್ಟು ಒತ್ತು, ಸಾಕು.” ಗಾಯದ ಗೆರೆ ಬೇಕಲ್ಲ ಎಂದು ಅವಳ ಹೆಬ್ಬೆರಳಿಗೆ ದಾರ ಸುತ್ತಿ ನೋಡಲು ಹೋದ. ಅವಳು ಕೈ ಕಿತ್ತುಕೊಂಡಳು.

“ನಿನ್ ಗಾಯ ನನ್ ಬೆರ್ಳಿಗ್ ಯಾಕಯ್ಯಾ?”

ಸೋಮವಾರ ಚಂದ್ರಯ್ಯ ಸಭಾಂಗಣದ ಬೀಗವನ್ನು ಕಲ್ಲಿನಿಂದ ಒಡೆದ. ಒಳಗೆ ಹರಿದ ಗೋಣಿಚೀಲ, ನೇತಾಡುವ ಫ್ಯಾನು, ಅಧ್ಯಕ್ಷರ ಕುರ್ಚಿಯಲ್ಲಿ ಮೊಟ್ಟೆಗೆ ಕಾವು ಕೂತ ಕೋಳಿ. ಕೋಳಿ ಏಳಲೊಪ್ಪಲಿಲ್ಲ, ಕುರ್ಚಿಯ ಸಮೇತ ಅದನ್ನು ಹಿತ್ತಲಿಗೆ ಸಾಗಿಸಬೇಕಾಯಿತು. ಹತ್ತೂವರೆಗೆ ನಿರ್ದೇಶಕರು ಒಬ್ಬೊಬ್ಬರಾಗಿ ಬಂದು, ಕೊಠಡಿಯ ಬಾಗಿಲು ಯಾವುದೆಂದು ತಿಳಿಯದೆ ಬಚ್ಚಲಿಗೂ ಗೋದಾಮಿಗೂ ಇಣುಕಿ, ಕೊನೆಗೆ ಚಂದ್ರಯ್ಯನ ಹಿಂದೆ ನಡೆದು ಒಳಗೆ ಸೇರಿದರು. ಸೇರಿದ ಮೇಲೆ ಎಲ್ಲರೂ ‘ಎಂದಿನಂತೆ’ ಎಂಬ ಮುಖ ಮಾಡಿಕೊಂಡು ಕೂತರು.

ಆರತಿ ಅವರು ಜೀಪಿನಿಂದ ಇಳಿದಾಗ ಹನ್ನೊಂದಕ್ಕೆ ಐದು ನಿಮಿಷ. ಇಪ್ಪತ್ತೆಂಟರ ವಯಸ್ಸು, ಕನ್ನಡಕ, ಕಂಕುಳಲ್ಲಿ ಫೈಲು. ಅವರ ಹಿಂದೆಯೇ ಮಾಯಮ್ಮ ಬಂದಳು.

ಒಂಬತ್ತು ಗಂಡಸರಿಗೂ ಅವಳು ಕಂಡ ಕೂಡಲೇ ಗುರುತು ಸಿಕ್ಕಿತು.

“ಬನ್ನಿ ಗುರುಸಿದ್ದಮ್ಮೋರೇ!” ಎಂದರು ಚನ್ನಪ್ಪನವರು ಹಾರ ಹಿಡಿದು. “ನಿಮ್ ಕುರ್ಚಿ ಅಂಗೇ ಮಡಿಗೀವ್ನಿ.”

“ಎಲಡಿಕೆ ತಂದಿದ್ದೀರಾ?” ಎಂದರು ಎಮ್ಮೆಯವರು.

ಮಾಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಹೋಗಿ ಕೂತಳು. ಆರತಿ ನಡವಳಿ ಪುಸ್ತಕ ಬಿಡಿಸಿ ೧೯೯೭ರ ಆಗಸ್ಟನ್ನು ಗಟ್ಟಿಯಾಗಿ ಓದಿದರು. “‘ಅಧ್ಯಕ್ಷರು ಮೊದಲು ನಿದ್ದೆಯಿಂದ ಏಳತಕ್ಕದ್ದು.’ ಇದು ನಿಜವಾಗಿಯೂ ಹೇಳಿದ್ರಾ?”

ಚನ್ನಪ್ಪನವರ ಮೀಸೆ ಒಮ್ಮೆ ಅದುರಿತು. ಅವರು ಅದನ್ನು ಕೇಳಿದ್ದು ಅದೇ ಮೊದಲು.

“ಏಳಿದ್ರು ಮೇಡಂ” ಅಂದರು ಕಷ್ಟಪಟ್ಟು. “ಬೋ ಚೆಂದಾಗ್ ಏಳಿದ್ರು.”

“ನೀವೇನಂದ್ರಿ?”

ಚನ್ನಪ್ಪನವರು ಈಶ್ವರಯ್ಯನ ಕಡೆ ನೋಡಿದರು. ಈಶ್ವರಯ್ಯ ಗೋಡೆಯ ಕಡೆ ನೋಡಿದ.

“ಎದ್ದೆ” ಅಂದರು ಚನ್ನಪ್ಪನವರು.

ಆರತಿ ತುಟಿ ಕಚ್ಚಿಕೊಂಡು ಪುಸ್ತಕದ ಹೊಸ ಪುಟ ತೆರೆದರು. “ಇವತ್ತಿನ ಹಾಜರಿಗೆ ನನ್ನೆದುರಿಗೇ ಸಹಿ ಆಗ್ಲಿ.” ಒಂಬತ್ತು ಸಹಿ ಆದವು. ಪುಸ್ತಕ ಮಾಯಮ್ಮನ ಮುಂದೆ ಬಂತು. ಈಶ್ವರಯ್ಯ ಶಾಯಿ ಪ್ಯಾಡು ಮುಂದೆ ತಳ್ಳಿದ. ಗಾಯದ ಗೆರೆಯಿಲ್ಲದ ಹೆಬ್ಬೆಟ್ಟು ಬಿದ್ದರೆ, ಆ ಕನ್ನಡಕ ಅದನ್ನು ಹಿಂದಿನ ಪುಟಕ್ಕೆ ಹೋಲಿಸಿದರೆ ಎಂದು ಅವನು ಮನಸ್ಸಿನಲ್ಲೇ ಪೆನ್ಷನ್ನಿಗೆ ಸಂತಾಪ ನಿರ್ಣಯ ಬರೆಯುತ್ತಿದ್ದ. ದೇವರೇ ಕಾಪಾಡುತ್ತಿದ್ದನೋ ಏನೋ, ಅಷ್ಟರಲ್ಲಿ ಚನ್ನಪ್ಪನವರು ನಡುವೆ ಬಾಯಿ ಹಾಕಿದರು.

“ಒತ್ತಮ್ಮಾ ಎಬ್ಬೆಟ್ಟು. ಇವ್ರಿಗೆಲ್ಲಾ ಎಲ್ ಬತ್ತದೆ ಮೇಡಂ ಬರಹ ಗಿರಹ!”

ಮಾಯಮ್ಮನ ಕೈ ಶಾಯಿ ಪ್ಯಾಡಿನ ಮೇಲೆಯೇ ನಿಂತಿತು. ಪ್ಯಾಡನ್ನು ಪಕ್ಕಕ್ಕೆ ಸರಿಸಿದಳು. ಚನ್ನಪ್ಪನವರ ಜೇಬಿನಿಂದಲೇ ಪೆನ್ನು ಎಳೆದುಕೊಂಡಳು. ನಾಲಿಗೆ ಕಚ್ಚಿ, ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು, ಹತ್ತನೆಯ ಜಾಗದಲ್ಲಿ ಬರೆದಳು. ಸಾಕ್ಷರತಾ ಆಂದೋಲನದ ಕ್ಲಾಸಿನಲ್ಲಿ ಮೂರು ತಿಂಗಳು ಕೂತು ಕಲಿತಿದ್ದ ಒಂದೇ ಒಂದು ಪದ.

‘ಮಾಯಮ್ಮ’.

ಈಶ್ವರಯ್ಯನಿಗೆ ಫ್ಯಾನು ತನ್ನ ತಲೆಯ ಮೇಲೆ ಬೀಳಬಾರದೇ ಅನ್ನಿಸಿತು.

“ಇದೇನಮ್ಮಾ? ಇಲ್ಲಿ ಗುರುಸಿದ್ದಮ್ಮ ಅಂತಿದೆ” ಎಂದರು ಆರತಿ. “ಮತ್ತೆ ಸಹಿ ಬರುತ್ತೆ ಅಂದ್ಮೇಲೆ ಎಂಟು ವರ್ಷ ಹೆಬ್ಬೆಟ್ಟು ಯಾಕೆ?”

ಮಾಯಮ್ಮ ಒಂದು ಚೂರೂ ಅಲುಗಲಿಲ್ಲ.

“ಎಲೆ ಕಟ್ಟೋ ಕೆಲ್ಸ ಕಣವ್ವಾ ನಂದು. ಕೈ ನೋಡು. ಕಟ್ಟಿದ್ ಕೈನಾಗೇ ಓಡ್ಬತ್ತಿದ್ದೆ. ಈ ಗೋಂದಿಗೆ ಪೆನ್ನು ಇಡುದ್ರೆ ಬಿಡಾಕಿಲ್ಲ, ಪುಸ್ತ್ಕ ಅಂಟ್ಕಂಡ್ ಮನೇಗ್ ಬತ್ತದೆ. ಇವತ್ತು ಸೀಗೇಪುಡಿ ಹಾಕಿ ತೊಳ್ಕಂಡ್ ಬಂದಿವ್ನಿ.”

“ಹೆಸರು?”

“ತವ್ರಲ್ಲಿ ಇಕ್ಕಿದ್ದು ಮಾಯಮ್ಮ. ಮದ್ವೆ ಆಗಿ ಬಂದ್ರೆ ನಮ್ಮತ್ತೆ ಹೆಸ್ರೂ ಮಾಯಮ್ಮ! ಅತ್ತೆ ಹೆಸ್ರು ಕೂಗಿ ಸೊಸೇನ ಬಯ್ಯಾಕಾಯ್ತದಾ? ದಿನಾ ಬೆಳಗಾದ್ರೆ ಬಯ್ಯೋದು ಇರ್ತದಲ್ಲಾ. ಅದ್ಕೆ ಗುರುಸಿದ್ದಮ್ಮ ಅಂತ ಮಡುಗುದ್ರು. ಓದ್ ಕಾರ್ತೀಕದಾಗೆ ಅತ್ತೆ ಸಿವನ ಪಾದ ಸೇರ್ಕಂಡ್ಲು. ಈಗ ಬಯ್ಯೋರಿಲ್ಲ. ನನ್ ಹೆಸ್ರು ನಂಗ್ ವಾಪಸ್ ಬಂತು.”

ಆರತಿ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮ ಅಜ್ಜಿಗೂ ಹೀಗೇ ಹೆಸರು ಬದಲಾಯಿಸಿದ್ರು” ಅಂದರು ಮೆಲ್ಲಗೆ. ಫೈಲಿನಿಂದ ಒಂದು ಹಾಳೆ ಎಳೆದು ನಿಂತಂತೆಯೇ ಬರೆದರು: ‘ದಾಖಲೆಗಳಲ್ಲಿ ಗುರುಸಿದ್ದಮ್ಮ ಎಂದಿರುವುದನ್ನು ಇನ್ನು ಮುಂದೆ ಮಾಯಮ್ಮ ಎಂದು ಓದಿಕೊಳ್ಳತಕ್ಕದ್ದು.’ ಸಹಿ, ಮೊಹರು.

ಈಶ್ವರಯ್ಯನಿಗೆ ಎಂಟು ವರ್ಷದಿಂದ ಎದೆಯಲ್ಲಿ ಕೂತಿದ್ದ ಕಾವಿನ ಕೋಳಿ ಎದ್ದು ಹೋದಂತಾಯಿತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಅಧಿಕಾರಿಗೆ ಅವನ ಮೇಲೆ ಗೌರವವೇ ಹುಟ್ಟಿತು.

“ಇನ್ನೊಂದು ಮಾತು ಕಣವ್ವಾ” ಎಂದಳು ಮಾಯಮ್ಮ. ಸುಮ್ಮನಿರು ಎಂದು ಈಶ್ವರಯ್ಯ ಮೇಜಿನ ಕೆಳಗೆ ಒದ್ದ. ಕಾಲು ತಾಗಿದ್ದು ಚನ್ನಪ್ಪನವರಿಗೆ. “ನಾನು ಎಂಟು ವರ್ಸದಿಂದ ಕಾಟಾ ಕೇಳಿವ್ನಿ, ಚಾವಣಿ ಕೇಳಿವ್ನಿ. ಎಲ್ಲಾ ಈ ಪುಸ್ತ್ಕದಾಗೇ ಐತೆ. ಈ ಒಂಬತ್ತು ಜನಾನೂ ಒಪ್ಕಂಡು ರುಜು ಆಕವ್ರೆ. ಕೇಳು ಬೇಕಾರೆ.”

“ಹೌದಾ?” ಆರತಿ ಒಬ್ಬೊಬ್ಬರನ್ನೇ ನೋಡಿದರು.

ಇಲ್ಲ ಎನ್ನಬೇಕಾದರೆ ಸಹಿ ಸುಳ್ಳೆನ್ನಬೇಕು. ಹೌದು ಎನ್ನಬೇಕಾದರೆ ಸೌದೆ ತೂಗಿಸಬೇಕು.

“ಹೌದು” ಅಂದರು ಒಂಬತ್ತು ಗಂಡಸರು. ಆ ಮಂಡಳಿಯಲ್ಲಿ ನಿಜವಾಗಿ ನಡೆದ ಮೊದಲ ಸರ್ವಾನುಮತದ ನಿರ್ಣಯ ಅದು. ಈಶ್ವರಯ್ಯ ಜನ್ಮದಲ್ಲಿ ಮೊದಲ ಬಾರಿಗೆ ಕಿವಿಯಿಂದ ಕೇಳಿದ್ದನ್ನು ಪುಸ್ತಕಕ್ಕೆ ಇಳಿಸಿದ. ಹದಿನೈದು ದಿನದಲ್ಲಿ ಕಾಟಾ, ಮುಂದಿನ ಸೀಜನ್ನಿಗೆ ಮುಂಚೆ ಚಾವಣಿ. ‘ಪರಿಶೀಲಿಸಲಾಗುವುದು’ ಎಂದು ಬರೆಯಹೋದ ಕೈಯನ್ನು ಆರತಿಯವರೇ ತಡೆದು ‘ಮಾಡಲಾಗುವುದು’ ಎಂದು ಬರೆಸಿದರು.

ಜೀಪು ಹೋಯಿತು. ನಿರ್ದೇಶಕರು ಎಂದೂ ಕೂರದ ಕುರ್ಚಿಗಳಲ್ಲಿ ಕೂತು ನೋಯುವ ಸೊಂಟ ಹಿಡಿದುಕೊಂಡು ಚದುರಿದರು. ರಾಮನಾಥಪುರದ ಬಸ್ಸಿಗೆ ಕಾಯುತ್ತ ಮಾಯಮ್ಮ ಕೊರಳ ಹಾರದಿಂದ ಒಂದು ಸೇವಂತಿಗೆ ಕಿತ್ತು, ಬೀಳ್ಕೊಡಲು ಬಂದಿದ್ದ ನಂಜಮ್ಮನಿಗೆ ಮುಡಿಸಿದಳು.

“ಆ ಚನ್ನಪ್ಪನ ಬ್ಯಾರನ್ನಾಗೆ ಆರು ವರ್ಸ ಎಲೆ ಕಟ್ಟಿವ್ನಿ ಕಣಕ್ಕಾ. ಇವತ್ತು ಎದುರ್ಗೇ ಕುಂತ್ರೂ ನನ್ ಗುರ್ತು ಇಡೀನಿಲ್ಲ. ಇಲ್ದೇ ಇರೋ ಗುರುಸಿದ್ದಮ್ಮನ ಗುರ್ತು ಮಾತ್ರ ಎಲ್ರೂ ಇಡುದ್ರು.”

ಈಶ್ವರಯ್ಯ ಮಾತು ಬದಲಾಯಿಸಲೆಂದು ಮರ್ಯಾದೆಯಿಂದ ಕೇಳಿದ:

“ನಿಮ್ಮತ್ತೆ ತೀರ್ಕಂಡಿದ್ದು ಕೇಳಿ ಬ್ಯಾಸ್ರ ಆಯ್ತು ಕಣವ್ವಾ. ಬೋ ಜೋರಿದ್ರಾ?”

ಬಸ್ಸು ಬಂತು. ಮಾಯಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ನನ್ ಗಂಡ ಹಸುಗೂಸಾಗಿದ್ದಾಗ್ಲೇ ಅವರವ್ವ ಓಗ್ಬುಟ್ಲು. ನಾನು ಅತ್ತೆ ಮೊಕಾನೇ ಕಂಡಿಲ್ಲ ಕಣಯ್ಯಾ. ನೀನು ಇಲ್ದಿರೋ ಮೆಂಬ್ರುನ್ನ ಎಂಟು ವರ್ಸ ಸಾಕ್ದೆ. ನಾನು ಇಲ್ದಿರೋ ಅತ್ತೇನ ಒಂದ್ಗಳಿಗೆ ಸಾಕ್ಬಾರ್ದಾ?”